ಭಾನುವಾರ ನಾಯಿಗಳಿಗೆ ಲಸಿಕೆ: ಕಾಡಂಚಿನ ಮನೆಯವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 9ಕ್ಕೆ ಹಾಲಿನ ಡೇರಿ ಮುಂದೆ ಪಶುವೈದ್ಯರು ಬರುತ್ತಾರೆ. ಬಂಡೀಪುರ ಕಾಡಂಚಿನಲ್ಲಿ ಜಮೀನು ಇರುವವರು, ಕುರಿ ಮೇಯಿಸುವವರು ನಿಮ್ಮ ನಾಯಿಗಳನ್ನು ತಪ್ಪದೆ ಕರೆತನ್ನಿ. ಹುಚ್ಚುನಾಯಿ ರೋಗ, ಡಿಸ್ಟೆಂಪರ್ (ನಾಯಿಗಳಿಗೆ ಬರುವ ಅಂಟುರೋಗ) ಎರಡಕ್ಕೂ ಲಸಿಕೆ ಹಾಕುತ್ತಾರೆ.

ಇದು ಕಾಡಿನ ಸೀಳುನಾಯಿಗಳು (ಗುಂಪಾಗಿ ಬೇಟೆಯಾಡುವ ಕಾಡುನಾಯಿಗಳು) ಮರಿ ಹಾಕುವ ಕಾಲ. ಗುಂಪಿನಲ್ಲಿ ಸಾಮಾನ್ಯವಾಗಿ ಒಂದೇ ಹೆಣ್ಣು ಮರಿ ಹಾಕುತ್ತದೆ. ಉಳಿದವು ಬೇಟೆಯಾಡಿ ತಿಂದು ಬಂದು, ಗೂಡಿನ ಹತ್ತಿರ ಮಾಂಸ ಕಕ್ಕಿ ತಾಯಿ, ಮರಿಗಳನ್ನು ಸಾಕುತ್ತವೆ. ಹೀಗೆ ಅಂಟಿಕೊಂಡೇ ಬದುಕುವುದರಿಂದ ಊರ ನಾಯಿಯ ರೋಗ ಒಂದಕ್ಕೆ ತಗುಲಿದರೂ ಇಡೀ ಗುಂಪಿಗೆ ಅಪಾಯ. ಪ್ರಕೃತಿ ಸಂರಕ್ಷಣೆಯ ಜಾಗತಿಕ ಸಂಸ್ಥೆ ಐಯುಸಿಎನ್‌ನ 2015ರ ಅಂದಾಜಿನಂತೆ ಪ್ರಪಂಚದಲ್ಲಿ ಉಳಿದಿರುವ ಪ್ರಾಯದ ಸೀಳುನಾಯಿಗಳು 949ರಿಂದ 2,215 ಅಷ್ಟೇ. ತುಂಬಾ ಕಡಿಮೆ. ಇಲ್ಲಿ ಅವು ಜಾಸ್ತಿ ಹಿಡಿಯುವುದು ಜಿಂಕೆ. ನಮ್ಮ ಬೆಳೆ ಮೇಯುವುದೂ ಜಿಂಕೆಯೇ ಅಲ್ವಾ?

ಲಸಿಕೆ ಆದಮೇಲೂ ನಾಯಿಗಳನ್ನು ಕಾಡಿಗೆ ಬಿಡಬೇಡಿ. ಸತ್ತ ದನಕರುಗಳನ್ನು ಆಳವಾಗಿ ಹೂಳಿ. ವಿಷ ಇಡುವುದಂತೂ ಬೇಡವೇ ಬೇಡ. ಮರಿಗಳಿರುವ ಗೂಡು ಕಂಡರೆ ದೂರ ಸರಿದು ಅರಣ್ಯ ಸಿಬ್ಬಂದಿಗೆ ತಿಳಿಸಿ. ಫೋಟೊ, ಜಾಗ ಯಾವುದನ್ನೂ ಹಂಚಬೇಡಿ.

ಯಾರ ಮನೆಯಿಂದ ಎಷ್ಟು ನಾಯಿ ಬರುತ್ತವೆ ಅಂತ ಶುಕ್ರವಾರ ಸಂಜೆಯೊಳಗೆ ಇಲ್ಲೇ ಬರೆಯಿರಿ. ಅಷ್ಟು ಲಸಿಕೆ ತರಿಸಬೇಕು. ಗಾಡಿ ಬೇಕಾದವರೂ ಹೇಳಿ.