ಆಯ್ದ ಎಲೆ ಗೊತ್ತಾಗುವ ದಾರಿಗಳು ಮತ್ತು ಎಂಟು ಗಣಗಳು

ಮಾನ್ಯ ಸಂಪಾದಕರೇ,

ಇಸ್ಪೀಟು ಕಟ್ಟಿನಿಂದ ಪ್ರೇಕ್ಷಕರೊಬ್ಬರು ಒಂದು ಎಲೆ ಎಳೆದು, ನೋಡಿ, ಮರಳಿ ಸೇರಿಸುತ್ತಾರೆ. ಎದುರಿಗಿದ್ದವರು ಅವರ ಕಣ್ಣನ್ನೇ ದಿಟ್ಟಿಸಿ ‘ಆಟೀನ್ ಏಳು’ ಎನ್ನುತ್ತಾರೆ. ರಂಗದ ಮೇಲೆ ಇದು ಸೊಗಸಾದ ಕಲೆ, ಅದಕ್ಕೆ ಚಪ್ಪಾಳೆ ಸಲ್ಲಬೇಕು. ಆದರೆ ಇದೇ ಆಟ ತೋರಿಸಿ ‘ಮನಸ್ಸು ಓದುವ ತರಬೇತಿ’ ಎಂದು ಶುಲ್ಕ ಕಟ್ಟಿಸಿಕೊಳ್ಳುವುದು, ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ‘ಮಿದುಳಿನ ಜಾಗೃತಿ’ಯ ಹೆಸರಲ್ಲಿ ಎಲೆಯ ಬಣ್ಣ ಹೇಳಿಸುವುದು, ಮಡಿಸಿದ ಚೀಟಿಯೊಳಗಿನ ಹೆಸರು ಹೇಳಿ ಭವಿಷ್ಯಕ್ಕೆ ಕಾಣಿಕೆ ಕೇಳುವುದು ಕಲೆಯಲ್ಲ, ವಂಚನೆ. ಆಯ್ದ ಎಲೆ ಯಾವುದೆಂಬ ಮಾಹಿತಿ ಜಾದೂಗಾರನಿಗೆ ಯಾವ ಯಾವ ದಾರಿಯಲ್ಲಿ ಬರುತ್ತದೆ ಎಂಬುದನ್ನು ಪೋಷಕರೂ ಶಿಕ್ಷಕರೂ ತಿಳಿದಿರಬೇಕು. ಹಾಗೆಯೇ ಅದರಲ್ಲಿ ಒಂದು ದಾರಿಯನ್ನು ನಮ್ಮ ಪ್ರೌಢಶಾಲೆಯ ಕನ್ನಡ ತರಗತಿಯಲ್ಲೇ ಕಲಿಸಬಹುದು. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ಗುಟ್ಟು ಬಿಚ್ಚಿಡುವುದು ಸರಿಯೇ ಎಂದು ಜಾದೂ ಬಂಧುಗಳು ಕೇಳುವುದು ಸಹಜ. ಇಲ್ಲಿ ಹೇಳುತ್ತಿರುವ ಯಾವುದೂ ಈಗಿನ ಕಲಾವಿದರೊಬ್ಬರ ಸ್ವಂತ ಸೃಷ್ಟಿಯಲ್ಲ. ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ 1584ರಲ್ಲಿ ಮಾಟಗಾತಿಯರ ಬೇಟೆಯನ್ನು ವಿರೋಧಿಸಿ ಪ್ರಕಟಿಸಿದ ಪುಸ್ತಕದಲ್ಲೇ ಇಸ್ಪೀಟಿನ ಕೈಚಳಕದ ವಿವರಗಳಿವೆ. ಆಟದ ಹಿಂದೆ ಪಿಶಾಚಿಯಿಲ್ಲ, ಬೆರಳಿದೆ ಎಂದು ತೋರಿಸುವುದೇ ಅವರ ಉದ್ದೇಶವಾಗಿತ್ತು.

ಎಲ್ಲಕ್ಕಿಂತ ಸರಳ ದಾರಿ, ಕಟ್ಟಿನ ಅಡಿಯ ಎಲೆಯನ್ನು ಕದ್ದು ನೋಡುವುದು. ಮಾಮೂಲಿ ಎಲೆಯಲ್ಲಿ ಅಂಕಿ ಮತ್ತು ಗುರುತು ಎದುರುಬದುರಾದ ಎರಡು ಮೂಲೆಗಳಲ್ಲಿರುತ್ತವೆ. ಹಾಗಾಗಿ ಎಲೆಯಿಡೀ ಕಾಣಬೇಕಿಲ್ಲ, ಉಗುರಿನಗಲದ ಮೂಲೆ ಕಂಡರೆ ಸಾಕು. ಕಟ್ಟಿನ ಅಂಚನ್ನು ಮೇಜಿಗೆ ತಟ್ಟಿ ಸರಿಪಡಿಸುವಾಗ, ‘ಒಂದು ಎಲೆ ಎಳೆಯಿರಿ’ ಎಂದು ಕಟ್ಟನ್ನು ಚಾಚುವಾಗ ಮಣಿಕಟ್ಟು ತಾನಾಗಿ ಸ್ವಲ್ಪ ತಿರುಗುತ್ತದೆ. ನೋಡುವುದು ಆ ಕ್ಷಣದಲ್ಲಿ. ಹೊಸಬರು ತಲೆ ಬಗ್ಗಿಸಿ ನೋಡಿ ಸಿಕ್ಕಿಬೀಳುತ್ತಾರೆ. ಪಳಗಿದವರು ಕಣ್ಣುಗುಡ್ಡೆಯನ್ನಷ್ಟೇ ಹೊರಳಿಸುತ್ತಾರೆ, ಅದೂ ಪ್ರೇಕ್ಷಕರಿಗೆ ಪ್ರಶ್ನೆಯೊಂದನ್ನು ಎಸೆದ ಮೇಲೆ. ಪ್ರಶ್ನೆ ಕೇಳಿಸಿಕೊಂಡವರು ಕೈಯನ್ನು ಬಿಟ್ಟು ಮುಖವನ್ನು ನೋಡುತ್ತಾರೆ.

ಅಡಿಯ ಎಲೆ ಇಸ್ಪೀಟ್ ರಾಜ ಎಂದು ತಿಳಿದಿದೆ ಎನ್ನಿ. ಪ್ರೇಕ್ಷಕರು ತಮ್ಮ ಎಲೆಯನ್ನು ಕಟ್ಟಿನ ಮೇಲಿಟ್ಟು ಕಟ್ ಮಾಡುತ್ತಾರೆ, ಕೆಳಗಿನ ಪಾಲು ಮೇಲೆ ಬಂದು ಕೂರುತ್ತದೆ. ಈಗ ಇಸ್ಪೀಟ್ ರಾಜ ಅವರ ಎಲೆಯ ಬೆನ್ನೇರಿದ್ದಾನೆ. ಮೇಲಿನಿಂದ ಒಂದೊಂದಾಗಿ ಮುಖ ಮೇಲಾಗಿ ಹಾಕುತ್ತ ಹೋದರೆ ರಾಜನ ನಂತರ ಬರುವುದೇ ಆಯ್ದ ಎಲೆ. ಎಷ್ಟು ಬಾರಿ ಕಟ್ ಮಾಡಿದರೂ ಜೋಡಿ ಒಡೆಯುವುದಿಲ್ಲ. ಕತ್ತರಿ ಸರಿಯಾಗಿ ಆ ಎರಡರ ನಡುವೆಯೇ ಬಿದ್ದರೆ ರಾಜ ಕೊನೆಗೂ ಆಯ್ದ ಎಲೆ ಮೊದಲಿಗೂ ಹೋಗುತ್ತವೆ, ಅಷ್ಟೇ. ಆದರೆ ಪ್ರೇಕ್ಷಕರು ಕಟ್ಟನ್ನು ಎರಡು ಪಾಲು ಮಾಡಿ ಹೆಬ್ಬೆರಳಿನಿಂದ ಬಿಡುತ್ತ ಒಂದರೊಳಗೊಂದು ಹೆಣೆದರೆ ರಾಜನಿಗೂ ಎಲೆಗೂ ನಡುವೆ ಬೇರೆ ಎಲೆ ನುಗ್ಗಬಹುದು. ಅದಕ್ಕೇ ಈ ದಾರಿ ಹಿಡಿದವರು ‘ಕಟ್ ಮಾಡಿ’ ಎನ್ನುತ್ತಾರೆಯೇ ಹೊರತು ‘ಕಲಸಿ’ ಎನ್ನುವುದಿಲ್ಲ. ಈ ಒಂದು ಪದವನ್ನು ಗಮನಿಸಿ.

ಎರಡನೆಯದು ಪ್ರತಿಬಿಂಬ. ಮೇಜಿನ ಮೇಲೆ ಆರಿಸಿಟ್ಟ ಮೊಬೈಲಿನ ಕಪ್ಪು ಪರದೆ, ಉಂಗುರದ ನುಣುಪು ಮೇಲ್ಮೈ, ಹೊಳಪಿನ ಲೈಟರು, ಯಾವುದೂ ಆಗುತ್ತದೆ. ಎಲೆ ಹಂಚುವಾಗ ಅದರ ಮೇಲೆ ಹಾಯಿಸಿದರೆ ಮೂಲೆಯ ಅಂಕಿ ಕೆಳಗಿನಿಂದ ಕಾಣುತ್ತದೆ. ಮೂರನೆಯದು ಎಲೆಯ ಬೆನ್ನು. ಬೆನ್ನಿನ ಚಿತ್ರ ತಲೆಕೆಳಗು ಮಾಡಿದರೂ ಒಂದೇ ತೆರನಾಗಿದ್ದರೆ ಸಮಸ್ಯೆಯಿಲ್ಲ. ಹೂಕುಂಡವೋ ಜಾಹೀರಾತೋ ಇರುವ ಕಟ್ಟಿನಲ್ಲಿ ಎಲ್ಲ ಎಲೆಗಳನ್ನೂ ಒಂದೇ ದಿಕ್ಕಿಗೆ ಜೋಡಿಸಿಟ್ಟು, ಆಯ್ದ ಎಲೆ ಮರಳುವ ಮುನ್ನ ಕಟ್ಟನ್ನು ಅಂಗೈಯಲ್ಲೇ ಅರ್ಧ ಸುತ್ತು ತಿರುಗಿಸಿದರೆ ಆ ಒಂದೇ ಎಲೆ ತಲೆಕೆಳಗಾಗಿ ಎದ್ದು ಕಾಣುತ್ತದೆ. ಅಗ್ಗದ ಎಲೆಗಳಲ್ಲಿ ಬಿಳಿ ಅಂಚು ಒಂದು ಬದಿಗೆ ದಪ್ಪ, ಇನ್ನೊಂದಕ್ಕೆ ಸಣ್ಣದಾಗಿ ಕತ್ತರಿಸಿರುತ್ತದೆ, ಅದೂ ಇದೇ ಕೆಲಸಕ್ಕೆ ಬರುತ್ತದೆ. ಪ್ರೇಕ್ಷಕರು ಎಲೆಯನ್ನು ಪಕ್ಕದವರಿಗೆ ತೋರಿಸುವ ಭರದಲ್ಲಿ ತಾವೇ ತಿರುಗಿಸಿಬಿಟ್ಟರೆ ಎರಡು ತಿರುವು ಸೇರಿ ಗುರುತು ಅಳಿಸಿಹೋಗುತ್ತದೆ. ಈ ಆಟ ಕೆಡುವುದು ಹೆಚ್ಚಾಗಿ ಇಲ್ಲಿಯೇ.

ನಾಲ್ಕನೆಯದು ಮೊದಲೇ ಜೋಡಿಸಿದ ಕಟ್ಟು. ಹೆಸರಾಂತ ಜೋಡಣೆಯೊಂದರಲ್ಲಿ ಪ್ರತಿ ಎಲೆ ಹಿಂದಿನದಕ್ಕಿಂತ ಮೂರು ಹೆಚ್ಚು. ಗುರುತುಗಳು ಕ್ಲಾವರ್, ಆಟೀನ್, ಇಸ್ಪೀಟ್, ಡೈಮಂಡ್ ಎಂಬ ಸರದಿಯಲ್ಲಿ ತಿರುಗುತ್ತವೆ. ಕ್ಲಾವರ್ ಎಕ್ಕ, ಆಟೀನ್ 4, ಇಸ್ಪೀಟ್ 7, ಡೈಮಂಡ್ 10, ಕ್ಲಾವರ್ ರಾಜ, ಆಟೀನ್ 3, ಹೀಗೆ 52ರವರೆಗೆ. ಗುಲಾಮ 11, ರಾಣಿ 12, ರಾಜ 13. ಕೂಡಿದ್ದು 13 ದಾಟಿದರೆ 13 ಕಳೆಯಬೇಕು. ಪ್ರೇಕ್ಷಕರು ನಡುವಿನಿಂದ ಎಲೆ ಎಳೆದಾಗ ಅದರ ಮೇಲಿದ್ದ ಪಾಲನ್ನು ಕಟ್ಟಿನ ಅಡಿಗೆ ಸಾಗಿಸಿ, ಅಡಿಯ ಎಲೆ ನೋಡಬೇಕು. ಅದು ಆಟೀನ್ ರಾಣಿಯಾದರೆ 12ಕ್ಕೆ 3 ಸೇರಿ 15, ಹದಿಮೂರು ಕಳೆದರೆ 2. ಆಟೀನಿನ ನಂತರ ಇಸ್ಪೀಟ್. ಅಂದರೆ ಅವರ ಕೈಯಲ್ಲಿರುವುದು ಇಸ್ಪೀಟ್ 2. ಆ ಎಲೆ ಕಟ್ಟಿಗೆ ಮರಳುವುದೇ ಬೇಡ, ಜಾದೂಗಾರ ಅದನ್ನು ಮುಟ್ಟುವುದೂ ಬೇಡ. ಪ್ರೇಕ್ಷಕರನ್ನು ಬೆರಗಾಗಿಸುವುದು ಅದೇ. ಎಲೆಗಳನ್ನು ಮುಖ ಮೇಲಾಗಿ ಹರಡಿದರೆ ಮಾತ್ರ ಕಪ್ಪು, ಕೆಂಪು, ಕಪ್ಪು, ಕೆಂಪು ಎಂಬ ಸಾಲು ಚುರುಕು ಕಣ್ಣಿಗೆ ತಕ್ಷಣ ಬೀಳುತ್ತದೆ.

ಚೀಟಿಯ ಆಟದಲ್ಲಿ ಗಮನಿಸಬೇಕಾದ್ದು ಕಾಗದದ ನಡುಭಾಗ. ಮೂರಂಗುಲ ಚೌಕದ ಕಾಗದದ ಮಧ್ಯೆ ವೃತ್ತ ಬರೆದು ‘ಇದರೊಳಗೆ ನೀವು ನೆನೆದ ಎಲೆಯ ಹೆಸರು ಬರೆಯಿರಿ’ ಎನ್ನುತ್ತಾರೆ. ಎರಡು ಬಾರಿ ಮಡಿಸಿದಾಗ ಮಡಿಕೆಗಳು ಕೂಡುವ ಮೂಲೆಯೇ ಕಾಗದದ ಮಧ್ಯ. ಹರಿಯುವಾಗ ಆ ಮೂಲೆ ಹೆಬ್ಬೆರಳಿನಡಿ ಇಡಿಯಾಗಿ ಉಳಿಯುತ್ತದೆ. ಮಿಕ್ಕ ಚೂರುಗಳನ್ನು ಸುಟ್ಟು ಬೂದಿ ಮಾಡುತ್ತಾರೆ. ಬೂದಿ ಮಾಡುವ ಮುನ್ನ ಚೂರುಗಳನ್ನು ಕೇಳಿ ಪಡೆದು ಜೋಡಿಸಿ ನೋಡಿ, ನಡುವೆ ತೂತಿರುತ್ತದೆ. ಸ್ವಾಮಿಯೊಬ್ಬರು ಭಕ್ತರ ಪ್ರಶ್ನೆಯನ್ನು ಚೀಟಿ ಹರಿದೇ ಹೇಳಿದರೆ ಈ ಪರೀಕ್ಷೆಯನ್ನು ಅಲ್ಲೇ ಮಾಡಬಹುದು.

ಕಣ್ಣಿಗೆ ಬಟ್ಟೆ ಕಟ್ಟಿದ ಮಗುವಿಗೆ ಎಲೆ ಕಾಣುವುದು ಮೂಗಿನ ಎರಡೂ ಬದಿಯ ಸಂದಿನಿಂದ. ಅದಕ್ಕೇ ಎಲೆ ಯಾವಾಗಲೂ ಎದೆಯ ಕೆಳಗೇ ಇರುತ್ತದೆ, ಮಗುವಿನ ಗದ್ದ ತುಸು ಮೇಲೆತ್ತಿರುತ್ತದೆ. ಎಲೆಯನ್ನು ಹಣೆಯ ಎತ್ತರಕ್ಕೆ ಹಿಡಿಯಿರಿ, ಅಥವಾ ಗದ್ದದ ಕೆಳಗೆ ಒಂದು ರಟ್ಟು ಅಡ್ಡ ಇಡಿ. ಕೆಂಪೋ ಕಪ್ಪೋ ಎಂದು ಬಣ್ಣ ಮಾತ್ರ ಹೇಳುವ ಪರೀಕ್ಷೆಯಲ್ಲಿ ಹತ್ತಕ್ಕೆ ಆರೋ ಹೆಚ್ಚೋ ಸರಿಯಾಗುವುದು ಬರೀ ಊಹೆಯಲ್ಲೇ ಮೂರು ಸಲಕ್ಕೆ ಒಮ್ಮೆಗಿಂತ ಹೆಚ್ಚಾಗಿ ನಡೆಯುತ್ತದೆ. ಹತ್ತಕ್ಕೆ ಹತ್ತು ಸರಿಯಾಗುವ ಸಾಧ್ಯತೆ 1024ರಲ್ಲಿ ಒಂದು. ಆರು ಸರಿಯಾದುದನ್ನು ಕಂಡು ಪೋಷಕರು ಮರುಳಾಗಬಾರದು. ಮಗುವನ್ನು ಗದರಿಸಲೂ ಬಾರದು, ದೊಡ್ಡವರು ಬಯಸಿದ್ದನ್ನೇ ಅದು ಮಾಡಿದೆ.

ಎಲೆ ಹೇಳುವವರನ್ನು ಪರೀಕ್ಷಿಸುವುದಾದರೆ ಎಲ್ಲ ದಾರಿಗಳನ್ನೂ ಒಟ್ಟಿಗೆ ಮುಚ್ಚಬೇಕು. ಒಂದನ್ನು ಮುಚ್ಚಿದರೆ ಅವರು ಇನ್ನೊಂದಕ್ಕೆ ಹೊರಳುತ್ತಾರೆ. ಕಟ್ಟು ನಿಮ್ಮದೇ ಆಗಿರಲಿ. ಹೆಣೆಯುವ ಬಗೆಯಲ್ಲಿ ಏಳು ಬಾರಿ ಕಲಸಿ. 52 ಎಲೆಯ ಕಟ್ಟು ಚೆನ್ನಾಗಿ ಬೆರೆಯಲು ಸುಮಾರು ಅಷ್ಟು ಬೇಕೆಂದು ಡೇವ್ ಬೇಯರ್ ಮತ್ತು ಪರ್ಸಿ ಡಯಕೋನಿಸ್ 1992ರಲ್ಲಿ ಗಣಿತದಿಂದ ತೋರಿಸಿದ್ದಾರೆ. ಈ ಡಯಕೋನಿಸ್ ಗಣಿತಕ್ಕೆ ಬರುವ ಮುನ್ನ ವೃತ್ತಿನಿರತ ಜಾದೂಗಾರರಾಗಿದ್ದವರು. ಒಂದೇ ಬಾರಿ ಹೆಣೆದರೆ ಹಳೆಯ ಸಾಲು ಎರಡು ಎಳೆಗಳಾಗಿ ಒಳಗೇ ಉಳಿದಿರುತ್ತದೆ, ಬಲ್ಲವರು ಅದನ್ನು ಓದುತ್ತಾರೆ. ಹಾಗೆ ಕಲಸಲು ಬಾರದವರು ಎಲೆಗಳನ್ನು ನೆಲದ ಮೇಲೆ ಹರಡಿ ಒಂದು ನಿಮಿಷ ಎರಡೂ ಕೈಯಿಂದ ಬೆರೆಸಲಿ. ಎಲೆಯನ್ನು ಒಬ್ಬರೇ ನೋಡಿ ಜೇಬಿಗಿಳಿಸಲಿ, ಬರೆಯುವುದು ಬೇಡ, ಯಾವ ಪ್ರಶ್ನೆಗೂ ಉತ್ತರ ಬೇಡ. ಎಲೆ ಎಳೆಯುವ ಮೊದಲಿನಿಂದ ಹೆಸರು ಹೇಳುವವರೆಗೂ ಹೇಳುವವರು ಬೆನ್ನು ಮಾಡಿ ನಿಂತಿರಲಿ. ಆಗ ಉಳಿಯುವುದು 52ರಲ್ಲಿ ಒಂದು, ಸತತ ಎರಡು ಬಾರಿಗೆ 2704ರಲ್ಲಿ ಒಂದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದಾಗ ಕೇಳಿದ್ದೂ ಇಂಥ ಷರತ್ತುಬದ್ಧ ಪರೀಕ್ಷೆಯನ್ನೇ.

ಇನ್ನು ಕನ್ನಡ ತರಗತಿಯ ಮಾತು. ಛಂದಸ್ಸಿನ ಪಾಠದಲ್ಲಿ ಎಂಟು ಅಕ್ಷರಗಣಗಳನ್ನು ನೆನಪಿಡಲು ‘ಯಮಾತಾರಾಜಭಾನಸಲಗಂ’ ಸೂತ್ರ ಹೇಳಿಕೊಡುತ್ತೇವೆ. ಮೊದಲ ಎಂಟರಲ್ಲಿ ಯಾವ ಅಕ್ಷರದಿಂದ ಹೊರಟರೂ ಮೂರಕ್ಷರ ಓದಿದರೆ ಆ ಅಕ್ಷರದ ಗಣ ಸಿಗುತ್ತದೆ: ಯಮಾತಾ ಯಗಣ, ಮಾತಾರಾ ಮಗಣ. ಕೊನೆಯ ‘ಲಗಂ’ ಮೊದಲ ‘ಯಮಾ’ದ ಹಾಗೆಯೇ ಲಘು-ಗುರು. ಅದನ್ನು ಬಿಟ್ಟು ಉಳಿದ ಎಂಟನ್ನು ಚಕ್ರವಾಗಿ ಸುತ್ತಿದರೆ ಲಘು-ಗುರುಗಳ ಎಂಟೂ ವಿನ್ಯಾಸ ಒಂದೊಂದೇ ಬಾರಿ ಬರುತ್ತವೆ. ಗಣಿತದಲ್ಲಿ ಇಂಥ ಚಕ್ರಗಳಿಗೆ ಡಚ್ ಗಣಿತಜ್ಞ ಡಿ ಬ್ರೌನ್ ಹೆಸರಿದೆ, ಅವರ ಪ್ರಬಂಧ 1946ರದು. ಆಯ್ದ ಎಲೆ ಹೇಳಲು ಇದಕ್ಕಿಂತ ಚೆಂದದ ಸಾಧನ ನಮಗೆ ಕಂಡಿಲ್ಲ.

ಲಘು ಕೆಂಪು, ಗುರು ಕಪ್ಪು ಎಂದಿಟ್ಟುಕೊಳ್ಳಿ. ಮೇಲಿನಿಂದ ಕೆಳಗೆ ಎಂಟು ಎಲೆ: ಯ ಆಟೀನ್ 7, ಮ ಇಸ್ಪೀಟ್ ರಾಜ, ತ ಕ್ಲಾವರ್ 4, ರ ಇಸ್ಪೀಟ್ 9, ಜ ಡೈಮಂಡ್ ರಾಣಿ, ಭ ಕ್ಲಾವರ್ ಗುಲಾಮ, ನ ಡೈಮಂಡ್ 3, ಸ ಆಟೀನ್ 10. ಮುಖ ಕೆಳಗಾಗಿ ಹಿಡಿದ ಈ ಕಟ್ಟನ್ನು ಯಾರು ಎಷ್ಟು ಬಾರಿ ಬೇಕಾದರೂ ಕಟ್ ಮಾಡಲಿ, ಚಕ್ರ ಕೆಡುವುದಿಲ್ಲ. ನಂತರ ಮೂವರು ಮಕ್ಕಳು ಮೇಲಿನಿಂದ ಒಂದೊಂದು ಎಲೆ ಸರದಿಯಲ್ಲಿ ತೆಗೆದುಕೊಳ್ಳಲಿ. ‘ಎಲ್ಲರ ಯೋಚನೆ ಒಟ್ಟಿಗೆ ಬರುತ್ತಿದೆ, ಕಪ್ಪು ಎಲೆಯವರು ಎದ್ದು ನಿಲ್ಲಿ’ ಎನ್ನಿ. ಮೊದಲಿನವರು ನಿಂತು, ಎರಡನೆಯವರು ಕುಳಿತು, ಮೂರನೆಯವರು ನಿಂತರೆ ಗುರು-ಲಘು-ಗುರು, ಅಂದರೆ ರಗಣ. ಮೊದಲನೆಯದು ಇಸ್ಪೀಟ್ 9, ಮುಂದಿನವು ಜ ಮತ್ತು ಭ: ಡೈಮಂಡ್ ರಾಣಿ, ಕ್ಲಾವರ್ ಗುಲಾಮ. ಮೂವರೂ ಕುಳಿತೇ ಇದ್ದರೆ ನಗಣ: ಡೈಮಂಡ್ 3, ಆಟೀನ್ 10, ಚಕ್ರ ಸುತ್ತಿ ಬಂದ ಆಟೀನ್ 7. ಮಾಹಿತಿಯೆಲ್ಲ ಎಲ್ಲರ ಕಣ್ಣೆದುರೇ ಬಂದಿದೆ, ಅದು ಪ್ರಶ್ನೆಯೆಂದು ಯಾರಿಗೂ ಅನಿಸಿಲ್ಲ.

ಕೆಡುವ ಜಾಗಗಳು ಇವು. ಕಟ್ ಮಾಡುವ ಬದಲು ಮಗು ಕಲಸಿದರೆ ಎಲ್ಲವೂ ಹೋಯಿತು. ಆದ್ದರಿಂದ ಮೊದಲು ನೀವೇ ಒಮ್ಮೆ ಕಟ್ ಮಾಡಿ ತೋರಿಸಿ. ಓದಬೇಕಾದ್ದು ಎಲೆ ತೆಗೆದುಕೊಂಡ ಸರದಿಯಲ್ಲಿ, ಕುಳಿತ ಸಾಲಿನಲ್ಲಲ್ಲ. ನಿಮ್ಮ ಎಡದವರಿಂದ ಶುರು ಮಾಡಿದರೆ ಗೊಂದಲವಿಲ್ಲ. ಇಬ್ಬರು ಎಲೆ ಅದಲುಬದಲು ಮಾಡಿಕೊಂಡರೂ ತಪ್ಪುತ್ತದೆ. ಮತ್ತೊಮ್ಮೆ ಆಡಲು ಮೂರನೆಯವರ ಎಲೆ, ಅದರ ಮೇಲೆ ಎರಡನೆಯವರದು, ಅದರ ಮೇಲೆ ಮೊದಲಿನವರದು ಎಂದು ಉಳಿದ ಐದರ ಮೇಲಿಡಬೇಕು.

ಶಾಲೆಗೆ ಇಸ್ಪೀಟು ತರುವುದು ಬೇಡ ಎನ್ನುವ ಪೋಷಕರ ಮಾತನ್ನು ನಾವು ಗೌರವಿಸುತ್ತೇವೆ. ಎಲೆಯ ಬದಲು ಎಂಟು ರಟ್ಟಿನ ಚೀಟಿ ಸಾಕು. ಕನ್ನಡಕ್ಕೆ ಬಂದಿರುವ ಜ್ಞಾನಪೀಠಗಳೂ ಎಂಟೇ. ಪ್ರಶಸ್ತಿಯ ಕಾಲಕ್ರಮದಲ್ಲೇ ಬರೆದರೆ ನೆನಪಿಗೂ ಹಗುರ: ಕುವೆಂಪು ಕೆಂಪು, ಬೇಂದ್ರೆ, ಕಾರಂತ, ಮಾಸ್ತಿ ಕಪ್ಪು, ಗೋಕಾಕ ಕೆಂಪು, ಅನಂತಮೂರ್ತಿ ಕಪ್ಪು, ಕಾರ್ನಾಡ, ಕಂಬಾರ ಕೆಂಪು. ಹಿಂಬದಿಯಿಂದ ಮಸಿ ಕಾಣದಷ್ಟು ರಟ್ಟು ದಪ್ಪವಿರಬೇಕು.

ಇದರಲ್ಲಿ ಕೈ ಕುದುರಿದ ಮಕ್ಕಳಿಗೆ ನಾಲ್ವರು ಆಯುವ 16 ಎಲೆಯ ಚಕ್ರ ಕೊಡಬಹುದು: ಕೆಂಪು ನಾಲ್ಕು, ಕಪ್ಪು ಒಂದು, ಕೆಂಪು ಎರಡು, ಕಪ್ಪು ಎರಡು, ಕೆಂಪು ಒಂದು, ಕಪ್ಪು ಒಂದು, ಕೆಂಪು ಒಂದು, ಕಪ್ಪು ನಾಲ್ಕು. ಈ ಲಘು-ಗುರುಗಳಿಗೆ ಸರಿಹೊಂದುವ ಹದಿನಾರಕ್ಷರದ ಸಾಲೊಂದನ್ನು ಅವರೇ ಕಟ್ಟಲಿ. ಒತ್ತಕ್ಷರದ ಹಿಂದಿನ ಲಘು ಗುರುವಾಗುತ್ತದೆ ಎಂಬುದನ್ನು ಶಿಕ್ಷಕರು ಆಗಾಗ ನೆನಪಿಸಬೇಕಾದೀತು.

– ಕೆಲವು ಹವ್ಯಾಸಿ ಜಾದೂಗಾರರು ಮತ್ತು ಶಿಕ್ಷಕರು, ಮೈಸೂರು