ಭಾನುವಾರ ಸಂಜೆ 5ಕ್ಕೆ: ‘ಕಾಮೆಡಿಯನ್ ಹಾರ್ಮನಿಸ್ಟ್ಸ್’

ಆತ್ಮೀಯರೇ,

ಈ ವಾರ ನಾವು ನೋಡುವುದು ಯೋಸೆಫ್ ಫಿಲ್ಸ್‌ಮಾಯರ್ ನಿರ್ದೇಶಿಸಿದ 1997ರ ಜರ್ಮನ್ ಚಿತ್ರ. ಅವಧಿ ಎರಡು ಗಂಟೆಗಿಂತ ತುಸು ಹೆಚ್ಚು.

ಕಥೆ ನಡೆದದ್ದೇ. 1927ರ ಕೊನೆಯಲ್ಲಿ ಹ್ಯಾರಿ ಫ್ರೊಮ್ಮರ್‌ಮನ್ ಎಂಬ ಯುವಕ ಗಾಯಕರು ಬೇಕೆಂದು ಬರ್ಲಿನ್ನಿನ ಪತ್ರಿಕೆಯೊಂದರಲ್ಲಿ ಜಾಹೀರಾತು ಕೊಟ್ಟ. ಹಾಗೆ ಕೂಡಿದವರು ಐವರು ಗಾಯಕರು, ಒಬ್ಬ ಪಿಯಾನೋ ವಾದಕ. ಅವರ ತಂಡದ ಹೆಸರೇ ಚಿತ್ರದ ಹೆಸರು. ಪಿಯಾನೋ ಬಿಟ್ಟರೆ ಬೇರೆ ವಾದ್ಯವೇ ಇಲ್ಲ. ತುತ್ತೂರಿಯ ದನಿಯೂ ಕಂಠದಿಂದಲೇ ಹೊಮ್ಮಬೇಕು. ದಯವಿಟ್ಟು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಐದು ದನಿಗಳು ಒಂದರೊಳಗೊಂದು ಕರಗುವ ಸೊಗಸು ಮೊಬೈಲಿನ ಸ್ಪೀಕರ್‌ನಲ್ಲಿ ಸಿಗುವುದಿಲ್ಲ.

ಆರು ಮಂದಿಯಲ್ಲಿ ಮೂವರು ಯಹೂದಿ ಮೂಲದವರು. ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ಮೊದಲು ಯಹೂದಿ ಸಂಯೋಜಕರ ಹಾಡುಗಳು ಹೋದವು, ಆಮೇಲೆ ವೇದಿಕೆಯೇ ಹೋಯಿತು. 1934ರ ಮಾರ್ಚ್‌ನಲ್ಲಿ ಜರ್ಮನಿಯಲ್ಲಿ ಅವರ ಕೊನೆಯ ಕಛೇರಿ. 1935ರಲ್ಲಿ ತಂಡ ಒಡೆಯಿತು: ಯಹೂದಿ ಮೂಲದ ಮೂವರು ವಿಯೆನ್ನಾಕ್ಕೆ ಹೋದರು, ಉಳಿದ ಮೂವರು ಬರ್ಲಿನ್ನಿನಲ್ಲೇ ನಿಂತರು. ಎರಡೂ ಕಡೆ ಹೊಸಬರನ್ನು ಸೇರಿಸಿಕೊಂಡು ಹಾಡಿದರಾದರೂ ಆ ಆರೂ ಮಂದಿ ಮತ್ತೆ ಒಂದಾಗಲಿಲ್ಲ. ನನಗೆ ತಡೆಯಲಾಗದ ಸಂಕಟ ಇದೇ. ತಂಡದ ರೋಮನ್ ಸಿಕೋವ್‌ಸ್ಕಿ ಮುಂದೆ ಕ್ಯಾಲಿಫೋರ್ನಿಯಾದ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಹಾಡುತ್ತಾ ಬಾಳಿದರು.

ಚಿತ್ರ ಮುಗಿಯುವವರೆಗೆ ಗುಂಪಿನಲ್ಲಿ ಏನೂ ಬರೆಯಬೇಡಿ. ಮುಗಿದ ಮೇಲೆ ಮನಸ್ಸಿನಲ್ಲಿ ಉಳಿದ ಒಂದು ಹಾಡಿನ ಬಗ್ಗೆ ಎಲ್ಲರೂ ಬರೆಯಿರಿ.