ಚಾವಣಿ ಇಲ್ಲದ ಚರ್ಚು

ಮಾನ್ಯರೇ,

ಹಾಳುಬಿದ್ದ ಕಟ್ಟಡ ಕಂಡರೆ ಕೆಡವಿ ಹೊಸದು ಕಟ್ಟಿ ಎನ್ನುವವರೇ ಜಾಸ್ತಿ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಹಾಗೆ ಮಾಡಲಿಲ್ಲ. 1940ರ ನವೆಂಬರ್ 14ರ ರಾತ್ರಿ ಜರ್ಮನ್ ಬಾಂಬಿಗೆ ಅಲ್ಲಿನ ಸೇಂಟ್ ಮೈಕೇಲ್ ಕೆಥೆಡ್ರಲ್ ಸುಟ್ಟುಹೋಯಿತು. ಹೊರಗೋಡೆ, ಗೋಪುರ ಉಳಿದವು. ಅವನ್ನು ಹಾಗೇ ಬಿಟ್ಟು, ಪಕ್ಕದಲ್ಲೇ ಕಟ್ಟಿದ ಹೊಸದನ್ನು 1962ರಲ್ಲಿ ತೆರೆದರು. ಹಳೆಯದಕ್ಕೆ ಇವತ್ತಿಗೂ ಚಾವಣಿ ಇಲ್ಲ. ಮಳೆ ಬಂದರೆ ಒಳಗೇ ನೆನೆಯಬೇಕು.

ಸುಟ್ಟ ಎರಡು ತೊಲೆ ಕಟ್ಟಿ ಮಾಡಿದ ಶಿಲುಬೆಯ ನಕಲು ಅಲ್ಲಿದೆ. ಅಸಲಿ ಹೊಸ ಕಟ್ಟಡದೊಳಗಿದೆ. ನಕಲಿನ ಹಿಂದಿನ ಹಳೆಯ ಗೋಡೆಯಲ್ಲಿ ಎರಡೇ ಪದ: ‘ತಂದೆಯೇ, ಕ್ಷಮಿಸು’. ‘ಅವರನ್ನು’ ಎಂದು ಕೆತ್ತಿಸಲಿಲ್ಲ ನೋಡಿ! ಬಾಂಬು ಹಾಕಿದವರನ್ನಷ್ಟೇ ಅಲ್ಲ, ಎಲ್ಲರನ್ನೂ ಕ್ಷಮಿಸು ಅಂತ ತಾನೇ ಅರ್ಥ? ಸ್ಮಾರಕಕ್ಕೆಂದು ಸುಮ್ನೆ ಕಾಂಕ್ರೀಟ್ ಸುರಿಯುವವರು ಆ ಗೋಡೆಯ ಮುಂದೆ ಹತ್ತು ನಿಮಿಷ ನಿಲ್ಲಬೇಕು.

– ಒಬ್ಬ ಓದುಗ